ಹಿಟ್ ಪಾಯಿಂಟ್ ನೋಡಿ ಕ್ಲಾಸ್ ಆರಿಸಬೇಕಾ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಸುಮಾರು ಜನ ಮೊದಲ ಸಲ ಪಾತ್ರ ಕಟ್ಟಲು ಬಂದಿದ್ದೀರಿ. ಹೊರಗೆ ಕಾಫಿ ಕುಡಿಯುವಾಗ ಒಬ್ಬರು ನನ್ನನ್ನು ಕೇಳಿದರು: "ಯಾವ ಕ್ಲಾಸ್‌ಗೆ ಹಿಟ್ ಪಾಯಿಂಟ್ ಜಾಸ್ತಿ? ಅದನ್ನೇ ತಗೋತೀನಿ." ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಯಾಕೆ ಅಂತ ಕೊನೆಗೆ ಹೇಳುತ್ತೇನೆ. ಇವತ್ತು ನಾನು ಮಾತಾಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಗ್ಗೆ, ಅಂದರೆ ಮೇಜಿನ ಸುತ್ತ ಕೂತು, ದಾಳ ಹಾಕಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ. ಕ್ಲಾಸ್ ಅಂದರೆ ಆ ಪಾತ್ರದ ಕಸುಬು. ಹಿಟ್ ಪಾಯಿಂಟ್ ಅಂದರೆ ಅದು ಬೀಳುವ ಮುಂಚೆ ಎಷ್ಟು ಏಟು ತಡೆಯುತ್ತದೆ ಅನ್ನುವ ಸಂಖ್ಯೆ. ಲೆಕ್ಕಗಳೆಲ್ಲ 2014ರ 5ನೇ ಆವೃತ್ತಿಯವು.

ಮೊದಲು ಈ ಹಿಟ್ ಪಾಯಿಂಟ್ ಎಲ್ಲಿಂದ ಬಂತು ನೋಡೋಣ. 1970ರ ದಶಕದ ಆರಂಭ. ಅಮೆರಿಕದ ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ಗೆಳೆಯರನ್ನು ಕೂರಿಸಿಕೊಂಡು ಬ್ಲ್ಯಾಕ್‌ಮೂರ್ ಎಂಬ ಆಟ ಆಡಿಸುತ್ತಿದ್ದರು. ಆಗಿನ ಯುದ್ಧದ ಆಟಗಳಲ್ಲಿ ಒಂದು ಗೊಂಬೆ ಅಂದರೆ ಒಬ್ಬ ಸಿಪಾಯಿ, ಅಥವಾ ಒಂದು ಗುಂಪು ಸಿಪಾಯಿಗಳು. ಏಟು ಬಿತ್ತಾ, ಸತ್ತ. ಗೊಂಬೆಯನ್ನು ಪಕ್ಕಕ್ಕಿಡು. ಆದರೆ ಇಲ್ಲಿ ಆಡುವವರು ಒಂದೇ ಪಾತ್ರವನ್ನು ವಾರಗಟ್ಟಲೆ ಆಡುತ್ತಿದ್ದರು. ಅದಕ್ಕೆ ಹೆಸರಿತ್ತು, ಆಸೆಗಳಿದ್ದವು. ಒಂದೇ ದಾಳಕ್ಕೆ ಅದು ಹೋಗಿಬಿಟ್ಟರೆ ಹೇಗಾಗಬೇಡ? ಆರ್ನೆಸನ್ ಹಿಂದೆ ಅಮೆರಿಕದ ಅಂತರ್ಯುದ್ಧದ ಕಬ್ಬಿಣ ಹೊದಿಸಿದ ಹಡಗುಗಳ ಆಟಕ್ಕೆ ನಿಯಮ ಬರೆದಿದ್ದರು. ಹಡಗು ಒಂದೇ ಗುಂಡಿಗೆ ಮುಳುಗುವುದಿಲ್ಲ, ಅಲ್ವಾ? ಹಿಟ್ ಪಾಯಿಂಟ್ ಮತ್ತು ಆರ್ಮರ್ ಕ್ಲಾಸ್ (ಏಟು ತಗುಲಿಸುವುದು ಎಷ್ಟು ಕಷ್ಟ ಅನ್ನುವ ಸಂಖ್ಯೆ) ಎರಡನ್ನೂ ಅಲ್ಲಿಂದಲೇ ತಂದೆ ಅಂತ ಅವರೇ ಹೇಳಿದ್ದರು. ಅಂದರೆ ಹಿಟ್ ಪಾಯಿಂಟ್ ಹುಟ್ಟಿದ್ದೇ ಆಡುವವರಿಗೆ ತಮ್ಮ ಪಾತ್ರದ ಮೇಲಿದ್ದ ಪ್ರೀತಿಯಿಂದ. ಇದು ನನಗೆ ಬಹಳ ಇಷ್ಟವಾದ ವಿಷಯ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗಿ ಬಂದಾಗ ಹಿಟ್ ಪಾಯಿಂಟ್‌ಗೆ ಎಲ್ಲ ಕ್ಲಾಸ್‌ಗೂ 6 ಮುಖದ ದಾಳವೇ. ಮರುವರ್ಷದ ಪುರವಣಿಯಲ್ಲಿ ದಾಳ ಬೇರೆಯಾಯಿತು: ಆಯುಧ ಹಿಡಿದು ಕಾದಾಡುವ ಫೈಟರ್‌ಗೆ 8, ಪೂಜಾರಿಯಂಥ ಕ್ಲೆರಿಕ್‌ಗೆ 6, ಮಂತ್ರ ಹಾಕುವವನಿಗೆ, ಅಂದರೆ ಈಗಿನ ವಿಜರ್ಡ್‌ಗೆ, 4. 1978ರ ಹೊತ್ತಿಗೆ ಫೈಟರ್ 10ಕ್ಕೆ ಏರಿದ. ಮಂತ್ರದವನು 4ರಲ್ಲೇ ಉಳಿದ. ಮೊದಲ ಲೆವೆಲ್‌ನಲ್ಲೂ, ಅಂದರೆ ಪಾತ್ರ ಬೆಳೆಯುವ ಮೊದಲ ಮೆಟ್ಟಿಲಲ್ಲೂ, ದಾಳ ಹಾಕಿಯೇ ನೋಡಬೇಕಿತ್ತು. 1 ಬಿದ್ದರೆ ಒಂದೇ ಹಿಟ್ ಪಾಯಿಂಟ್ ಇಟ್ಟುಕೊಂಡು ಗುಹೆಗೆ ಇಳಿಯಬೇಕಿತ್ತು. "ವಿಜರ್ಡ್ ತಗೋಬೇಡ, ಬೇಗ ಸಾಯ್ತೀಯ" ಅನ್ನುವ ಬುದ್ಧಿಮಾತು ಆ ಕಾಲದ್ದು. ಆಗ ಅದು ನಿಜವೂ ಆಗಿತ್ತು.

ಈಗ ಹೇಗಿದೆ? ರೊಚ್ಚಿನಿಂದ ಕಾದಾಡುವ ಬಾರ್ಬೇರಿಯನ್‌ಗೆ 12 ಮುಖದ ದಾಳ. ಫೈಟರ್, ಪ್ಯಾಲಡಿನ್, ರೇಂಜರ್‌ಗೆ 10. ವಿಜರ್ಡ್, ಸಾರ್ಸರರ್‌ಗೆ 6. ಉಳಿದವರಿಗೆಲ್ಲ 8. ಮೊದಲ ಲೆವೆಲ್‌ನಲ್ಲಿ ದಾಳದ ದೊಡ್ಡ ಸಂಖ್ಯೆ ಪೂರ್ತಿ ಸಿಗುತ್ತದೆ. ಆಮೇಲೆ ಪ್ರತಿ ಲೆವೆಲ್‌ಗೂ ದಾಳ ಹಾಕಬಹುದು, ಇಲ್ಲವೇ ನಿಗದಿತ ಸಂಖ್ಯೆ ತೆಗೆದುಕೊಳ್ಳಬಹುದು. ಅದು ಫೈಟರ್‌ಗೆ 6, ವಿಜರ್ಡ್‌ಗೆ 4. ಇದರ ಮೇಲೆ ಕಾನ್‌ಸ್ಟಿಟ್ಯೂಷನ್‌ನ, ಅಂದರೆ ಪಾತ್ರದ ದೇಹದಾರ್ಢ್ಯದ, ಬೋನಸ್ ಪ್ರತಿ ಲೆವೆಲ್‌ಗೂ ಸೇರುತ್ತದೆ. ಎಲ್ಲರೂ ಅದನ್ನು ಕಾನ್ ಅಂತಾರೆ, ನಾನೂ ಹಾಗೇ ಹೇಳುತ್ತೇನೆ.

ಐದನೇ ಲೆವೆಲ್ ತೆಗೆದುಕೊಳ್ಳಿ. ಕಾನ್ 14 ಇರುವ ವಿಜರ್ಡ್‌ಗೆ 32 ಹಿಟ್ ಪಾಯಿಂಟ್. ಕಾನ್ 10 ಇರುವ ಫೈಟರ್‌ಗೆ 34. ವ್ಯತ್ಯಾಸ ಬರೀ ಎರಡು! ಕ್ಲಾಸ್ ಕೊಡುವುದನ್ನು ಹೆಚ್ಚುಕಡಿಮೆ ಪೂರ್ತಿ ಕಾನ್ ತುಂಬಿಕೊಟ್ಟಿತು. ಸರಿ, ಫೈಟರ್ ಆಡುವವರೂ ಕಾನ್ ಕಡೆ ಗಮನ ಕೊಡುತ್ತಾರೆ. ಅವರಿಗೂ 14 ಇಟ್ಟರೆ 44 ಆಗುತ್ತದೆ. ಆಗಲೂ ಅಂತರ 12. ಓಗರ್ ಎಂಬ ದೈತ್ಯ ತನ್ನ ದೊಣ್ಣೆಯಿಂದ ಒಂದೇಟು ಕೊಟ್ಟರೆ ಸರಾಸರಿ 13 ಹೋಗುತ್ತದೆ. ಅಂದರೆ ನೀವು ಕ್ಲಾಸ್ ಬದಲಿಸಿ ಗಳಿಸಿದ್ದು ಓಗರ್‌ನ ಒಂದು ಏಟು.

ಆದರೆ ಫೈಟರ್ ಗಟ್ಟಿ ಅಂತ ಎಲ್ಲರಿಗೂ ಅನ್ನಿಸುತ್ತದಲ್ಲ, ಅದು ಸುಳ್ಳೇ? ಸುಳ್ಳಲ್ಲ. ಗಟ್ಟಿತನ ಬರುವುದು ಬೇರೆ ಕಡೆಯಿಂದ. ಮೊದಲ ಲೆವೆಲ್‌ನಲ್ಲಿ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸ ಕತ್ತಿ ಬೀಸಿತು ಅಂದುಕೊಳ್ಳಿ. ತಗುಲಿದರೆ ಸರಾಸರಿ ಐದೂವರೆ ನಷ್ಟ. ಸರಪಳಿ ಕವಚ ತೊಟ್ಟು ಗುರಾಣಿ ಹಿಡಿದ ಫೈಟರ್‌ನ ಆರ್ಮರ್ ಕ್ಲಾಸ್ 18. ಅವನಿಗೆ ನೂರರಲ್ಲಿ 35 ಏಟು ತಗಲುತ್ತವೆ. ಬರೀ ನಿಲುವಂಗಿಯ ವಿಜರ್ಡ್‌ನದು 12 ಇದ್ದರೆ 65 ತಗಲುತ್ತವೆ. ಇಬ್ಬರಿಗೂ ಕಾನ್ 14 ಇರಲಿ. ಫೈಟರ್‌ನ 12 ಪಾಯಿಂಟ್ ಸರಾಸರಿ ಆರು ದಾಳಿಗೆ ಸಾಕು. ವಿಜರ್ಡ್‌ನ 8 ಪಾಯಿಂಟ್ ಎರಡು ದಾಳಿಗೆ ಮುಗಿಯಿತು. ಹಿಟ್ ಪಾಯಿಂಟ್ ಒಂದೂವರೆ ಪಟ್ಟು, ಬಾಳಿಕೆ ಸುಮಾರು ಮೂರು ಪಟ್ಟು. ಉಳಿದದ್ದನ್ನು ಕವಚ ಮಾಡಿತು. ಬಾರ್ಬೇರಿಯನ್ ಕಥೆಯೂ ಹೀಗೇ. ರೇಜ್, ಅಂದರೆ ಅವನ ರೊಚ್ಚು, ಬಂದಾಗ ಕತ್ತಿ, ಬಾಣ, ದೊಣ್ಣೆಯ ಏಟು ಅರ್ಧ ಮಾತ್ರ ತಾಗುತ್ತದೆ. ಆ 12 ಮುಖದ ದಾಳಕ್ಕಿಂತ ಈ ಅರ್ಧವೇ ದೊಡ್ಡದು.

ಇನ್ನೊಂದು ಮಾತು. ಒಂದೇ ಒಂದು ಪಾಯಿಂಟ್ ಉಳಿದಿದ್ದರೂ ನಿಮ್ಮ ಪಾತ್ರ ಪೂರ್ತಿ ಬಲದಿಂದ ಹೋರಾಡುತ್ತದೆ. ಕೈ ನಡುಗುವುದಿಲ್ಲ, ಕಾಲು ಕುಂಟುವುದಿಲ್ಲ. ಸೊನ್ನೆ ಮುಟ್ಟಿದಾಗ ಮಾತ್ರ ಬೀಳುತ್ತೀರಿ. ಆಗಲೂ ಗೆಳೆಯರು ಬಂದು ಒಂದು ಪಾಯಿಂಟ್ ವಾಪಸ್ ಕೊಟ್ಟರೆ ಎದ್ದು ನಿಲ್ಲುತ್ತೀರಿ. ಹಾಗಾಗಿ ನಾನು ಹಿಟ್ ಪಾಯಿಂಟನ್ನು ಸಮಯ ಅಂತ ನೋಡುತ್ತೇನೆ. ನಿಮ್ಮ ಸರದಿ ಇನ್ನೆಷ್ಟು ಸಲ ಬರುತ್ತದೆ, ಅಷ್ಟೇ ಅದು ಹೇಳುವುದು. ಆ ಸರದಿಯಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದನ್ನು ಕ್ಲಾಸ್ ಹೇಳುತ್ತದೆ.

ಹಿಟ್ ಪಾಯಿಂಟ್ ನಿಜವಾಗಿ ಲೆಕ್ಕಕ್ಕೆ ಬರುವ ಜಾಗವೂ ಇದೆ: ಮೊದಲ ಎರಡು ಲೆವೆಲ್. ಕಾನ್ 10 ಇರುವ ಹೊಸ ವಿಜರ್ಡ್‌ಗೆ 6 ಪಾಯಿಂಟ್. ಗಾಬ್ಲಿನ್ ದಾಳದಲ್ಲಿ 20 ಹಾಕಿ ಕ್ರಿಟಿಕಲ್, ಅಂದರೆ ಜೋರಾದ ಏಟು, ಹೊಡೆದರೆ 14ರವರೆಗೆ ನಷ್ಟ ಆಗಬಹುದು. ಸೊನ್ನೆ ದಾಟಿ ಉಳಿದ ಏಟು ನಿಮ್ಮ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಅಲ್ಲೇ ಸಾವು. ಅಂದರೆ 12 ನಷ್ಟ ಸಾಕು. ಇದೇ ವಿಜರ್ಡ್‌ಗೆ ಕಾನ್ 14 ಇದ್ದರೆ 8 ಪಾಯಿಂಟ್, ಸಾಯಲು 16 ಬೇಕು. ಗಾಬ್ಲಿನ್‌ನ ಒಂದೇ ಏಟಿಗೆ ಅದು ಆಗದು. ಎರಡೇ ಎರಡು ಪಾಯಿಂಟ್ ಜೀವ ಉಳಿಸಿತು ನೋಡಿ. ಹಾಗೇ, ಆಡುವವರು ಇಬ್ಬರೇ ಇದ್ದರೆ, ವಾಸಿ ಮಾಡುವವರು ಯಾರೂ ಇಲ್ಲದಿದ್ದರೆ, ಗಟ್ಟಿ ಕ್ಲಾಸ್ ಒಂದು ಇರಲಿ ಅಂತ ನಾನೂ ಹೇಳುತ್ತೇನೆ.

ಎಲ್ಲ ಆಟಗಳೂ ಹೀಗಿಲ್ಲ. 1981ರಲ್ಲಿ ಬಂದ ಕಾಲ್ ಆಫ್ ಕಥುಲ್ಹು ಎಂಬ ಭಯದ ಕಥೆಗಳ ಆಟದಲ್ಲಿ ಕ್ಲಾಸ್ ಇಲ್ಲ, ಲೆವೆಲ್ ಕೂಡ ಇಲ್ಲ. ಮೈಕಟ್ಟಿನಿಂದ ಹಿಟ್ ಪಾಯಿಂಟ್ ಬರುತ್ತದೆ. ಮೇಷ್ಟ್ರಾಗಲಿ ಪೊಲೀಸ್ ಆಗಲಿ, ಗುಂಡು ತಗುಲಿದರೆ ಕಷ್ಟ ಒಂದೇ. ಅಲ್ಲಿ ಯಾರೂ ಹಿಟ್ ಪಾಯಿಂಟ್ ನೋಡಿ ಪಾತ್ರ ಆರಿಸುವುದಿಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಗೆಳತಿಯೊಬ್ಬಳು ಹೊಸದಾಗಿ ಆಡಲು ಬಂದಳು. ಅವಳಿಗೆ ವಿಜರ್ಡ್ ಆಗುವ ಆಸೆ. ನಾನು ಬಾರ್ಬೇರಿಯನ್ ಕೊಡಿಸಿದೆ. "ನೀನು ಸಾಯಲ್ಲ, ಆರಾಮಾಗಿ ಕಲೀಬಹುದು" ಅಂದೆ. ಅವಳು ಸಾಯಲಿಲ್ಲ. ಆರು ವಾರ ಪ್ರತಿ ಸರದಿಯಲ್ಲೂ ಕೊಡಲಿ ಬೀಸಿದಳು. ಏಳನೇ ವಾರ ಬರಲಿಲ್ಲ. ಅವಳ ಆಸೆಯನ್ನು ನಾನು ಕೇಳಿಸಿಕೊಂಡಿರಲಿಲ್ಲ. ಅದು ನನಗೆ ಇವತ್ತಿಗೂ ಬೇಸರ.

ಒಂದು ವರ್ಷ ಬಿಟ್ಟು ಫೋನ್ ಮಾಡಿ ಕರೆದೆ. ಈ ಸಲ ವಿಜರ್ಡ್ ಅಂದೆ. ಕಾನ್ 14, ಹಿಟ್ ಪಾಯಿಂಟ್ 8. ಮೊದಲ ದಿನವೇ ಸೇತುವೆಯ ಹತ್ತಿರ ಗಾಬ್ಲಿನ್‌ಗಳು ಸುತ್ತುವರಿದವು. ಒಂದು ಬಾಣ ತಗುಲಿ ಅವಳಿಗೆ 2 ಉಳಿಯಿತು. ನಮ್ಮ ಫೈಟರ್ ಆಡುವ ಹುಡುಗ, ಯಾರೂ ಹೇಳದೆ, ಅವಳ ಮುಂದೆ ಬಂದು ನಿಂತ. ಅವಳು ಶತ್ರುಗಳನ್ನು ಮಲಗಿಸುವ ಸ್ಲೀಪ್ ಮಂತ್ರ ಹಾಕಿದಳು. 8 ಮುಖದ ಐದು ದಾಳ, ಒಟ್ಟು 24. ಅಷ್ಟು ಹಿಟ್ ಪಾಯಿಂಟ್‌ನ ಶತ್ರುಗಳು ಮಲಗುತ್ತಾರೆ. ಒಂದೊಂದು ಗಾಬ್ಲಿನ್‌ಗೆ 7 ಹಿಟ್ ಪಾಯಿಂಟ್. ಅವಳು ಬೆರಳು ಮಡಚಿ ಎಣಿಸಿದಳು: 7, 14, 21. ಮೂರು ಗಾಬ್ಲಿನ್‌ಗಳು ನಿಂತಲ್ಲೇ ಮಲಗಿದವು. ಮೇಜಿನ ಸುತ್ತ ಎಲ್ಲರೂ ಕೂಗಿಕೊಂಡೆವು. ಅವಳು ಮುಂದಿನ ವಾರ ಬಂದಳು, ಅದರ ಮುಂದಿನ ವಾರವೂ ಬಂದಳು.