ಮಂಡಿಗೆ ಎರಡು ಜೇನು

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನಮ್ಮ ಮೇಲಿನಮನೆ ಅತ್ತೆ ಬೆಳಿಗ್ಗೆ ಬೆಳಿಗ್ಗೆನೇ ಬಂದು ಜಗಲಿ ಮೇಲೆ ಕೂತರು. ಕಾಲು ಚಾಚಿ ಮಂಡಿ ತೋರಿಸಿದರು. ‘ಒಂದೆರಡು ತುಡುವೆ ಹಿಡಿದು ಇಲ್ಲಿಗೆ ಕಚ್ಚಿಸು ಮಾರಾಯ. ಜೇನಿನ ವಿಷಕ್ಕೆ ವಾತ ಹೋಗ್ತದಂತೆ. ಮೊಮ್ಮಗ ಮೊಬೈಲಲ್ಲಿ ತೋರಿಸಿದ’ ಅಂದರು.

ಸಾಗರದ ಕಡೆ ನಮ್ಮ ಅಡಿಕೆ ತೋಟದಲ್ಲಿ ಹನ್ನೆರಡು ಜೇನು ಪೆಟ್ಟಿಗೆ ಇವೆ. ನಾನು ಡಾಕ್ಟರಲ್ಲ, ಬರೀ ಕಚ್ಚಿಸಿಕೊಂಡವನು. ಅಷ್ಟಕ್ಕೇ ಜನ ನನ್ನ ಹತ್ತಿರ ಔಷಧಿ ಕೇಳಿಕೊಂಡು ಬರುತ್ತಾರೆ.

ಅತ್ತೆ ಹೇಳಿದ್ದು ಹೊಸ ಮಾತೇನಲ್ಲ. ಈಗಿನ ಸ್ಲೊವೇನಿಯಾ ದೇಶದ ಮಾರಿಬೋರ್ ಅನ್ನುವ ಊರಲ್ಲಿ ಫಿಲಿಪ್ ಟೆರ್ಚ್ ಅಂತ ಒಬ್ಬ ಡಾಕ್ಟರ್ ಇದ್ದರು. ಅವರಿಗೇ ಕೀಲುನೋವು. ಜೇನು ಕಚ್ಚಿದ ಮೇಲೆ ನೋವು ಇಳಿಯಿತು ಅನ್ನಿಸಿ, ರೋಗಿಗಳಿಗೂ ಕಚ್ಚಿಸತೊಡಗಿದರು. 1888ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಜೇನಿನ ವಿಷವನ್ನು ಒಣಗಿಸಿ ತೂಗಿದರೆ ಸುಮಾರು ಅರ್ಧ ಭಾಗ ಮೆಲಿಟಿನ್ ಎಂಬ ಒಂದೇ ವಸ್ತು. ಕಚ್ಚಿದಾಗ ಆಗುವ ಉರಿ ಹೆಚ್ಚಾಗಿ ಅದರದ್ದೇ. ಪ್ರಯೋಗಾಲಯದಲ್ಲಿ, ಇಲಿಗಳಲ್ಲಿ, ಅದೇ ಮೆಲಿಟಿನ್ ಊತ ಇಳಿಸಿದ್ದೂ ಉಂಟು. ಆದರೆ ಇಲಿಯಿಂದ ಅತ್ತೆಯ ಮಂಡಿವರೆಗೆ ದಾರಿ ದೂರ ಇದೆ.

ನೆದರ್ಲೆಂಡ್ಸಿನಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆ ಇದ್ದ 26 ಜನರ ಮೇಲೆ ಇದನ್ನು ಪರೀಕ್ಷೆ ಮಾಡಿದರು. ವಾರಕ್ಕೆ ಮೂರು ಸಲ, ಒಮ್ಮೆಗೆ 20 ಜೇನಿನವರೆಗೂ, 24 ವಾರ. 2005ರಲ್ಲಿ ಫಲಿತಾಂಶ ಹೊರಬಂತು. ಕಾಯಿಲೆಯೂ ತಗ್ಗಲಿಲ್ಲ, ಸುಸ್ತೂ ತಗ್ಗಲಿಲ್ಲ. ಅಷ್ಟು ಕಚ್ಚಿಸಿಕೊಂಡವರ ತಾಳ್ಮೆಗೆ ಕೈಮುಗಿಯಬೇಕು.

ಅತ್ತೆಗೆ ನಾನು ಇದ್ಯಾವುದನ್ನೂ ಹೇಳಲಿಲ್ಲ. ನಮ್ಮ ಚಿಕ್ಕಪ್ಪನ ಕಥೆ ಹೇಳಿದೆ.

ಹದಿನೈದು ವರ್ಷದ ಹಿಂದೆ ಅವರಿಗೂ ಸೊಂಟನೋವು. ನಾನೇ ಹುಮ್ಮಸ್ಸಿನಲ್ಲಿ ಮೂರು ಜೇನು ಹಿಡಿದು ಸೊಂಟಕ್ಕೆ ಕಚ್ಚಿಸಿದೆ. ಸ್ವಲ್ಪ ಊದಿತು, ಇಳಿಯಿತು. ‘ಹಗುರ ಆಯ್ತು’ ಅಂತ ಊರೆಲ್ಲ ಹೇಳಿಕೊಂಡು ಬಂದರು. ಮೂರು ವಾರ ಬಿಟ್ಟು ಮತ್ತೆ ಎರಡು ಜೇನು. ಐದು ನಿಮಿಷ ಆಗಿರಲಿಲ್ಲ, ಅಂಗೈ ತುರಿಕೆ ಅಂದರು. ಕಚ್ಚಿದ್ದು ಸೊಂಟಕ್ಕೆ, ದದ್ದು ಎದ್ದಿದ್ದು ಕತ್ತಿಗೆ. ತುಟಿ ಊದಿತು. ಮಾತು ಗೊಗ್ಗರಾಯಿತು. ‘ಕಣ್ಣು ಕತ್ತಲೆ ಬರ್ತಿದೆ ತಮ್ಮಾ’ ಅಂದವರು ಕುಸಿದರು. ನಾನು ದಡ್ಡ, ಸುಣ್ಣ ಹಚ್ಚುತ್ತಾ ಕೂತಿದ್ದೆ! ಪಕ್ಕದ ಮನೆಯ ಜೀಪು ಸಿಕ್ಕಿದ್ದು, ಆಸ್ಪತ್ರೆಯಲ್ಲಿ ತಕ್ಷಣ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟಿದ್ದು, ಆಯುಸ್ಸು ಗಟ್ಟಿ ಇತ್ತು. ಅವತ್ತಿನಿಂದ ನಾನು ಯಾರಿಗೂ ಕಚ್ಚಿಸಿಲ್ಲ.

ಮೊದಲ ಸಲ ಏನೂ ಆಗಲಿಲ್ಲ, ಇನ್ನು ಭಯ ಇಲ್ಲ ಅಂತ ನಾನು ಲೆಕ್ಕ ಹಾಕಿದ್ದೆ. ಈ ತಪ್ಪು ಲೆಕ್ಕ ನನ್ನೊಬ್ಬನದಲ್ಲ. 1902ರಲ್ಲಿ ಫ್ರಾನ್ಸಿನ ರಿಶೆ ಮತ್ತು ಪೋರ್ಟಿಯೆ ಅನ್ನುವ ವಿಜ್ಞಾನಿಗಳು ನಾಯಿಗೆ ಒಂದು ಸಮುದ್ರಜೀವಿಯ ವಿಷ ಕೊಟ್ಟರು. ನಾಯಿ ತಡೆದುಕೊಂಡಿತು. ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರು. ಒಗ್ಗಿರುತ್ತದೆ ಅಂತ ಅವರ ಅಂದಾಜು. ನಾಯಿ ಅರ್ಧ ಗಂಟೆಯೊಳಗೆ ಸತ್ತಿತು. ಜೀವಕ್ಕೇ ಕುತ್ತು ತರುವ ಈ ಥರದ ಅಲರ್ಜಿಗೆ ಅನಫಿಲಾಕ್ಸಿಸ್ ಅಂತ ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಬಂತು. ಕೆಲವರಲ್ಲಿ ಮೊದಲ ಸಲವೇ ಮೈ ವಿಷದ ಗುರುತು ಹಿಡಿದಿಟ್ಟಿರುತ್ತದೆ. ಎರಡನೇ ಸಲವೋ ಇಪ್ಪತ್ತನೇ ಸಲವೋ ಸಿಟ್ಟಾಗುತ್ತದೆ. ಸ್ಪೇನಿನಲ್ಲಿ 55 ವರ್ಷದ ಹೆಂಗಸೊಬ್ಬರು ಎರಡು ವರ್ಷ ಇದೇ ಚಿಕಿತ್ಸೆ ಮಾಡಿಸಿಕೊಂಡಿದ್ದರು. ಆಮೇಲೆ ಒಂದು ದಿನ ಒಂದೇ ಜೇನು ಸಾಕಾಯಿತು, ಅವರು ಉಳಿಯಲಿಲ್ಲ. ವೈದ್ಯರು ಇದನ್ನು ವರದಿ ಮಾಡಿದ್ದು 2018ರಲ್ಲಿ.

ಅಲರ್ಜಿ ಇಲ್ಲದ ದೊಡ್ಡವರ ಜೀವಕ್ಕೆ ಬರೀ ವಿಷದಿಂದಲೇ ಅಪಾಯ ಆಗಬೇಕಾದರೆ ನೂರಾರು ಜೇನು ಮುತ್ತಬೇಕು. ಹೆಜ್ಜೇನು ಎದ್ದಾಗ ಆಗುವುದು ಅದೇ. ಅಲರ್ಜಿ ಇದ್ದವರಿಗೆ ಮಾತ್ರ ಈ ಲೆಕ್ಕ ಇಲ್ಲ.

ತಮಾಷೆ ಅಂದರೆ, ಜೇನಿನ ವಿಷವನ್ನು ಆಸ್ಪತ್ರೆಯಲ್ಲಿ ನಿಜವಾಗಿ ಔಷಧಿಯಾಗಿ ಬಳಸುವುದೂ ಉಂಟು. ಅದೂ ಜೇನಿನ ಅಲರ್ಜಿಗೇ. ಶುದ್ಧ ಮಾಡಿದ ವಿಷವನ್ನು ಚೂರೇ ಚೂರು ಚುಚ್ಚುತ್ತಾ 100 ಮೈಕ್ರೋಗ್ರಾಂವರೆಗೆ ಏರಿಸುತ್ತಾರೆ. ಎರಡು ಜೇನು ಕಚ್ಚಿದಷ್ಟು ಅನ್ನಬಹುದು. ಮೂರರಿಂದ ಐದು ವರ್ಷ ಕೊಡುತ್ತಾರೆ. ಪ್ರತಿ ಸಲ ಚುಚ್ಚಿದ ಮೇಲೆ ಅಲ್ಲೇ ಕೂರಿಸಿ ನೋಡುತ್ತಾರೆ. ನನ್ನ ಜಗಲಿಯಲ್ಲಿ ಅಳತೆಯೂ ಇಲ್ಲ, ಅಡ್ರಿನಲಿನ್ ಸೂಜಿಯೂ ಇಲ್ಲ. ನಮ್ಮ ಕಡೆ ದಾರಿಯ ಕಥೆ ನಿಮಗೇ ಗೊತ್ತಲ್ಲ. ಶರಾವತಿ ಹಿನ್ನೀರಿನ ಆಚೆ ಇರುವ ತುಮರಿಯ ಕಡೆಯವರು 2025ರಲ್ಲಿ ಸೇತುವೆ ಆಗುವವರೆಗೂ ಲಾಂಚಿಗೆ ಕಾಯಬೇಕಿತ್ತು. ಕತ್ತು ಬಿಗಿಯುವುದು ಲಾಂಚಿಗೆ ಕಾಯುತ್ತದಾ?

ತೋಟದಲ್ಲಿ ಜೇನು ತಾನಾಗಿಯೇ ಕಚ್ಚಿದರೆ ಮುಳ್ಳನ್ನು ಕೂಡಲೇ ಕೀಳಿ. ಉಗುರಿನಲ್ಲಾದರೂ ಸರಿ, ಚಿವುಟಿಯಾದರೂ ಸರಿ. ವಿಷದ ಚೀಲ ಮುಳ್ಳಿನ ಜೊತೆಗೇ ಉಳಿದು, ಮುಕ್ಕಾಲುಪಾಲು ವಿಷವನ್ನು ಅರ್ಧ ನಿಮಿಷದೊಳಗೆ ಒಳಗೆ ಬಿಟ್ಟುಬಿಡುತ್ತದೆ. ಆ ಜಾಗದಿಂದ ದೂರ ಹೋಗಿ. ಕಚ್ಚಿದ ಜೇನು ಬಾಳೆಹಣ್ಣಿನಂಥ ವಾಸನೆ ಬಿಟ್ಟು ಉಳಿದವನ್ನೂ ಕರೆಯುತ್ತದೆ. ಕಚ್ಚಿದ ಕಡೆ ಬಿಟ್ಟು ಬೇರೆಡೆ ದದ್ದು, ತುಟಿ ನಾಲಿಗೆ ಊತ, ಉಸಿರು ಕಟ್ಟುವುದು, ವಾಂತಿ, ತಲೆ ತಿರುಗುವುದು, ಇದರಲ್ಲಿ ಯಾವುದು ಬಂದರೂ 108ಕ್ಕೆ ಫೋನ್ ಮಾಡಿ. ತಲೆ ತಿರುಗುತ್ತಿದ್ದರೆ ಕಾಲೆತ್ತರಿಸಿ ಮಲಗಿಸಿ, ನಡೆಸಬೇಡಿ. ಮನೆಯಲ್ಲಿರುವ ಅಲರ್ಜಿ ಮಾತ್ರೆ ನಂಬಿ ಕೂರಬೇಡಿ. ಆಗ ಬೇಕಾಗುವುದು ಅಡ್ರಿನಲಿನ್. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರಿ, ಮತ್ತೆ ಮರುಕಳಿಸುವುದುಂಟು.

ಇಷ್ಟು ಕೇಳಿದರೂ ಅತ್ತೆ ಬಿಡಲಿಲ್ಲ. ‘ನನಗೆ ಅಲರ್ಜಿ ಗಿಲರ್ಜಿ ಎಂತದೂ ಇಲ್ಲ ಮಾರಾಯ’ ಅಂದರು. ಬೇರೆ ಮಾತ್ರೆ ಏನು ತಗೊಳ್ತೀರಿ ಅಂತ ಕೇಳಿದೆ. ಎಲೆಅಡಿಕೆ ಚೀಲದಿಂದ ಬಿ.ಪಿ. ಮಾತ್ರೆ ತೆಗೆದರು. ಅಟೆನೊಲಾಲ್. ಚಿಕ್ಕಪ್ಪನ ಪ್ರಸಂಗ ಆದ ಮೇಲೆ ಡಾಕ್ಟರು ನನಗೆ ಬೈಯುತ್ತಾ ಹೇಳಿದ್ದ ಮಾತು ನೆನಪಾಯಿತು. ಆ ಜಾತಿಯ ಮಾತ್ರೆ ಮೈಯಲ್ಲಿದ್ದರೆ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದೆ ಹೋಗಬಹುದಂತೆ. ಹಾಗಂತ ಮಾತ್ರೆ ನಿಲ್ಲಿಸುವ ಹಾಗೂ ಇಲ್ಲ. ಅತ್ತೆ ಮಾತ್ರೆಯನ್ನೂ ನನ್ನನ್ನೂ ಒಂದು ಸಲ ನೋಡಿದರು. ಸೀರೆ ಮಂಡಿ ಕೆಳಗೆ ಇಳಿಸಿದರು.

ಬರಿಗೈಯಲ್ಲಿ ಕಳಿಸಬಾರದು ಅಂತ ಒಂದು ಬಾಟಲಿ ತುಡುವೆ ಜೇನುತುಪ್ಪ ಕೊಟ್ಟೆ. ಸಕ್ಕರೆ ಕಾಯಿಲೆ ಇಲ್ಲ ತಾನೇ ಅಂತ ಕೇಳಿಕೊಂಡೇ ಕೊಟ್ಟಿದ್ದು.

ನಮಸ್ಕಾರ.