ಮೂರೂವರೆಗೆ ಮತ್ತೆ ಹೋಗಿ

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಮತ್ತು ಹಿಂದಿನ ಸಾಲುಗಳಲ್ಲಿ ತಲೆ ತಗ್ಗಿಸಿ ಕುಳಿತಿರುವ ನನ್ನ ತಮ್ಮ ತಂಗಿಯರೇ,

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ಅಚ್ಚಾಗಿರುವ ವಿಷಯ ‘ಮಾರಾಟ ಮಳಿಗೆ ಮತ್ತು ಹೋಟೆಲ್ ಉದ್ಯಮದಲ್ಲಿ ಉದ್ಯೋಗಾವಕಾಶಗಳು’ ಎಂದು. ಅದನ್ನು ಸ್ವಲ್ಪ ಬದಲಾಯಿಸಿಕೊಳ್ಳಲು ಪ್ರಾಂಶುಪಾಲರ ಅನುಮತಿ ಕೇಳಿದ್ದೇನೆ. ಕಳೆದ ವಾರ ಇದೇ ಸಭಾಂಗಣದಲ್ಲಿ ಸಂದರ್ಶನ ನಡೆದು, ಸಂಜೆ ಸೂಚನಾ ಫಲಕದಲ್ಲಿ ಪಟ್ಟಿ ಅಂಟಿಸಿದಾಗ, ಅದರಲ್ಲಿ ಹೆಸರು ಇಲ್ಲದವರೇ ಹೆಚ್ಚಾಗಿದ್ದರು. ಅವರಲ್ಲಿ ಒಬ್ಬ ಹುಡುಗಿ ಆ ವಿಷಯವನ್ನು ಇನ್ನೂ ತನ್ನ ತಾಯಿಗೆ ಹೇಳಿಲ್ಲವೆಂದೂ, ‘ಅಂಗಡಿ ಕೆಲಸಕ್ಕೂ ನಾನು ಲಾಯಕ್ಕಿಲ್ಲವಲ್ಲ ಮೇಡಂ’ ಎಂದು ಕೇಳಿದಳೆಂದೂ ಇಲ್ಲಿಯ ಅಧ್ಯಾಪಕಿಯೊಬ್ಬರು ಫೋನಿನಲ್ಲಿ ಹೇಳಿದರು. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೀಗಾಗಿ ಇಂದು ಆಯ್ಕೆಯಾದವರಿಗೆ ಅಭಿನಂದನೆ ತಿಳಿಸಿ, ಮಿಕ್ಕ ಸಮಯವನ್ನೆಲ್ಲ ಆಯ್ಕೆಯಾಗದವರ ಜೊತೆ ಕಳೆಯಲು ಬಂದಿದ್ದೇನೆ.

ನಾನು 14 ವರ್ಷಗಳಿಂದ ಮೈಸೂರಿನ ದಿನಸಿ ಮಳಿಗೆಯೊಂದರಲ್ಲಿ ಸಿಬ್ಬಂದಿಯನ್ನು ಆರಿಸುವ ಕೆಲಸ ಮಾಡುತ್ತಿದ್ದೇನೆ. ಎಷ್ಟೋ ಮಂದಿಗೆ ‘ಬೇಡ’ ಎಂದಿದ್ದೇನೆ. ಆ ‘ಬೇಡ’ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಒಳಗಿನಿಂದ ಬಲ್ಲವಳಾದ್ದರಿಂದ ಹೇಳುತ್ತೇನೆ: ಬಹಳ ಸಲ ಅದು ನಿಮ್ಮ ಯೋಗ್ಯತೆಯನ್ನು ಅಳೆದು ಕೊಟ್ಟ ಉತ್ತರವಾಗಿರುವುದಿಲ್ಲ. ನನಗೆ ಆ ತಿಂಗಳು ಬೇಕಾಗಿದ್ದವರು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿಗೆ ಇಬ್ಬರು. ಎದುರಿಗೆ ಕುಳಿತ ಹುಡುಗಿ ಚುರುಕಾಗಿದ್ದಾಳೆ, ಲೆಕ್ಕ ಚೆನ್ನಾಗಿದೆ, ಆದರೆ ಅವಳ ಊರಿಗೆ ಕೊನೆಯ ಬಸ್ಸು ಏಳೂವರೆಗೆ. ನಾನು ‘ನೋಡಿ ಹೇಳುತ್ತೇವಮ್ಮ’ ಎಂದು ಕಳಿಸುತ್ತೇನೆ. ಅವಳು ತನ್ನ ಇಂಗ್ಲಿಷ್ ಸರಿಯಿಲ್ಲ, ಬಣ್ಣ ಸರಿಯಿಲ್ಲ, ಉಟ್ಟ ಬಟ್ಟೆ ಸರಿಯಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಹಳಿದುಕೊಳ್ಳುತ್ತ ಮನೆ ಸೇರುತ್ತಾಳೆ. ಅಡ್ಡ ಬಂದದ್ದು ಬಸ್ಸು. ಅದನ್ನು ಅವಳಿಗೆ ಬಾಯಿಬಿಟ್ಟು ಹೇಳದಿದ್ದದ್ದು ನಮ್ಮ ತಪ್ಪು, ಮತ್ತು ಈ ತಪ್ಪನ್ನು ನಮ್ಮ ವ್ಯಾಪಾರದಲ್ಲಿ ಎಲ್ಲರೂ ಮಾಡುತ್ತಿದ್ದೇವೆ.

ಇದನ್ನು ನಾನು ಕಲಿತದ್ದು ಮೇಜಿನ ಈಚೆ, ಕೆಲಸ ಕೇಳುವವರ ಬದಿಯಿಂದ. 1998ರಲ್ಲಿ ಪಿಯುಸಿ ಮುಗಿಸಿ, ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇಲ್ಲದೆ, ನಂಜನಗೂಡಿನಿಂದ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದು, ಅಂಗಡಿ ಅಂಗಡಿ ಹತ್ತಿ ಇಳಿದೆ. ಮೊದಲು ಹೋದದ್ದು ಒಂದು ಸೀರೆ ಅಂಗಡಿಗೆ. ಗಲ್ಲಾದಲ್ಲಿ ಕುಳಿತವರು ನನ್ನ ಮುಖ ನೋಡದೆಯೇ ‘ಅನುಭವ ಇದೆಯಾ?’ ಎಂದರು. ‘ಇಲ್ಲ ಸರ್, ಕಲಿತುಕೊಳ್ಳುತ್ತೇನೆ’ ಎಂದೆ. ‘ಕಲಿತುಕೊಂಡು ಬಾ’ ಎಂದರು. ಎಲ್ಲಿ ಕಲಿಯಬೇಕು ಎಂದು ಅವರೂ ಹೇಳಲಿಲ್ಲ, ನನಗೂ ಕೇಳುವ ಧೈರ್ಯವಾಗಲಿಲ್ಲ. ಎರಡನೆಯ ಕಡೆ ಹೆಸರು ಬರೆದುಕೊಂಡರು. ಮೂರನೆಯ ಕಡೆ ಬಾಗಿಲಿನಲ್ಲಿಯೇ ತಡೆದರು. ನಾಲ್ಕನೆಯದು ಸಯ್ಯಾಜಿರಾವ್ ರಸ್ತೆಯ ಕಡೆಯ ಒಂದು ಸಣ್ಣ ಸಿಹಿತಿಂಡಿ ಅಂಗಡಿ. ಅದು ಗೌರಿ ಹಬ್ಬದ ಹಿಂದಿನ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಮೂರು ಸಾಲು ಗಿರಾಕಿಗಳ ಹಿಂದೆ ನಿಂತು, ಕತ್ತು ನೀಳ ಮಾಡಿ ‘ಕೆಲಸ ಇದೆಯಾ ಸರ್?’ ಎಂದು ಕೇಳಿದೆ. ಮಾಲೀಕರು ತಕ್ಕಡಿಯಿಂದ ಕಣ್ಣು ತೆಗೆಯದೆ ‘ಈಗ ಬೇಡಮ್ಮ, ಹೋಗು’ ಎಂದರು. ಆ ‘ಈಗ’ ಎಂಬ ಶಬ್ದ ಅಂದು ನನ್ನ ಕಿವಿಗೆ ಬೀಳಲೇ ಇಲ್ಲ. ‘ಬೇಡ’ ಮತ್ತು ‘ಹೋಗು’ ಎರಡೇ ಕೇಳಿಸಿದವು.

ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಹೋದೆ, ಸಂಜೆ ಆರಕ್ಕೆ. ಆಗಲೂ ಗಿರಾಕಿಗಳು, ಅದೇ ಉತ್ತರ. ನಮ್ಮ ಸೋದರತ್ತೆ ಮೈಸೂರಿನ ಹೋಟೆಲೊಂದರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸದಲ್ಲಿದ್ದರು. ಅವರ ಮುಂದೆ ಅತ್ತುಬಿಟ್ಟೆ. ಅತ್ತೆ ನನ್ನನ್ನು ಸಮಾಧಾನ ಮಾಡುವ ಗೋಜಿಗೆ ಹೋಗದೆ ‘ಎಷ್ಟು ಗಂಟೆಗೆ ಹೋಗಿದ್ದೆ?’ ಎಂದು ಕೇಳಿದರು. ಹೇಳಿದೆ. ‘ವ್ಯಾಪಾರದ ಹೊತ್ತಿನಲ್ಲಿ ಹೋದರೆ ದೇವರಿಗೂ ಕೆಲಸ ಕೊಡೋದಿಲ್ಲ ಕಣೇ. ಮೂರೂವರೆಗೆ ಹೋಗು’ ಎಂದರು.

ಮಾರನೆಯ ದಿನ ಮೂರೂವರೆಗೆ ಹೋದೆ. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಮಾಲೀಕರು ಸ್ಟೂಲಿನ ಮೇಲೆ ಕುಳಿತು, ಯಾವುದೋ ಮದುವೆ ಮನೆಗೆ ಹೋಗಬೇಕಾಗಿದ್ದ ಮೈಸೂರು ಪಾಕಿನ ಡಬ್ಬಗಳಿಗೆ ದಾರ ಕಟ್ಟುತ್ತಿದ್ದರು. ತಲೆಯ ಮೇಲೆ ತೂಗುಹಾಕಿದ ಉಂಡೆಯಿಂದ ದಾರ ಕೆಳಗೆ ಇಳಿಯುತ್ತಿತ್ತು. ಡಬ್ಬಕ್ಕೆ ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು, ಮೂಲೆಯಲ್ಲಿ ಕುಣಿಕೆ, ಆಮೇಲೆ ದಾರವನ್ನು ತೋರುಬೆರಳಿಗೆ ಸುತ್ತಿ ಒಂದು ಜಗ್ಗು. ಕತ್ತರಿಯಿಲ್ಲದೆ ಅದು ತುಂಡಾಗುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಅವರು ತಲೆಯೆತ್ತಿ ‘ನೀನು ಆವತ್ತೂ ಬಂದಿದ್ದೆಯಲ್ಲವೇ?’ ಎಂದರು. ನಂತರ ಒಂದೇ ಪ್ರಶ್ನೆ: ‘ಕೆ.ಜಿ.ಗೆ ನೂರ ಇಪ್ಪತ್ತು ರೂಪಾಯಿ ಆದರೆ ಮುನ್ನೂರ ಐವತ್ತು ಗ್ರಾಂಗೆ ಎಷ್ಟು?’ ‘ನಲವತ್ತೆರಡು’ ಎಂದೆ. ಪಕ್ಕದ ಸ್ಟೂಲನ್ನು ನನ್ನ ಕಡೆಗೆ ತಳ್ಳಿ ‘ಕಟ್ಟು ನೋಡೋಣ’ ಎಂದರು. ಸಂಜೆಯ ಹೊತ್ತಿಗೆ ನನ್ನ ತೋರುಬೆರಳಿನಲ್ಲಿ ದಾರದ ಕೆಂಪು ಗೆರೆಗಳಿದ್ದವು, ಮತ್ತು ದಸರಾ ಮುಗಿಯುವವರೆಗೆ ಕೆಲಸವಿತ್ತು. ದಸರೆಯ ಬಳಿಕವೂ ಅವರು ನನಗೆ ಕೆಲಸ ಬಿಡು ಎನ್ನಲಿಲ್ಲ. ಆರು ವರ್ಷ ಅಲ್ಲಿದ್ದೆ.

ಅದೇ ಅಂಗಡಿ, ಅದೇ ಮಾಲೀಕರು, ಅದೇ ನಾನು. ಬದಲಾದದ್ದು ಗಡಿಯಾರದ ಮುಳ್ಳು. ಈ ಮಾತನ್ನು ನಾನು ಇಂದು ಇನ್ನೂ ಒಂದೆರಡು ಸಲ ಹೇಳಿದರೆ ದಯವಿಟ್ಟು ಸಹಿಸಿಕೊಳ್ಳಿ.

ನಮ್ಮ ಹೋಟೆಲುಗಳಲ್ಲಿ ಬೆಳಿಗ್ಗೆ ಏಳರಿಂದ ಹನ್ನೊಂದು ತಿಂಡಿಯ ನೂಕುನುಗ್ಗಲು, ಹನ್ನೆರಡೂವರೆಯಿಂದ ಮೂರು ಊಟ, ನಾಲ್ಕಾಯಿತೆಂದರೆ ಸಂಜೆಯ ಕಾಫಿ. ಮೂರರಿಂದ ನಾಲ್ಕರ ನಡುವೆ ಮಾತ್ರ ಮಾಲೀಕರು ಕುರ್ಚಿಗೆ ಒರಗಿ, ಎದುರಿಗಿರುವವರು ಮನುಷ್ಯರೆಂದು ಗಮನಿಸುವ ಸ್ಥಿತಿಯಲ್ಲಿರುತ್ತಾರೆ. ದೊಡ್ಡ ಮಳಿಗೆಗಳಲ್ಲಿ ಶನಿವಾರ, ಭಾನುವಾರ ಮತ್ತು ತಿಂಗಳ ಮೊದಲ ವಾರ ಹೋಗಲೇಬೇಡಿ. ಸಂಬಳ ಬಂದ ವಾರದಲ್ಲಿ ಬಿಲ್ಲಿಂಗ್ ಕೌಂಟರಿನ ಸಾಲು ಬಾಗಿಲು ದಾಟಿರುತ್ತದೆ. ದಿನಕ್ಕೊಂದು ಗಡಿಯಾರವಿದ್ದಂತೆ ವರ್ಷಕ್ಕೂ ಒಂದಿದೆ. ಬಟ್ಟೆ ಅಂಗಡಿಗಳು ಆಷಾಢದ ರಿಯಾಯಿತಿ ಮಾರಾಟಕ್ಕೆ ಮತ್ತು ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಹೆಚ್ಚುವರಿ ಕೈಗಳನ್ನು ಹುಡುಕುತ್ತವೆ. ಹಬ್ಬ ಬಂದ ಮೇಲೆ ಹೋದರೆ ತಡವಾಯಿತು, ಮೂರು ನಾಲ್ಕು ವಾರ ಮೊದಲೇ ಹೋಗಬೇಕು. ನಮ್ಮ ಮೈಸೂರಿನವರಿಗೆ ಇನ್ನೊಂದು ಭಾಗ್ಯವಿದೆ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ನಡೆಯುತ್ತದೆ, ಅಲ್ಲಿಯ ಮಳಿಗೆಗಳಿಗೆ ತಾತ್ಕಾಲಿಕ ನೌಕರರು ಬೇಕೇ ಬೇಕು. ‘ತಾತ್ಕಾಲಿಕ’ ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ. ಆ ಕೆಲವು ವಾರಗಳೇ ‘ಅನುಭವ ಇದೆಯಾ?’ ಎಂಬ ಪ್ರಶ್ನೆಗೆ ನಿಮ್ಮ ಮೊದಲ ಉತ್ತರ.

ಇನ್ನು, ‘ಬೇಡ’ ಎಂದಾಗ ಏನು ಮಾಡಬೇಕು? ಅಲ್ಲಿಯೇ, ಜಗಳದ ಧ್ವನಿಯಿಲ್ಲದೆ, ಎರಡು ಪ್ರಶ್ನೆ ಕೇಳಿ. ‘ಯಾವ ಪಾಳಿಗೆ ಜನ ಬೇಕಾಗಿತ್ತು ಸರ್?’ ಎಂಬುದು ಮೊದಲನೆಯದು. ‘ಮತ್ತೆ ಯಾವಾಗ ಬಂದು ವಿಚಾರಿಸಲಿ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಿಗುವ ಉತ್ತರದಿಂದ ನಿಮಗೆ ಬಾಗಿಲು ಮುಚ್ಚಿದ್ದು ಯಾವುದೆಂದು ತಿಳಿಯುತ್ತದೆ. ಎರಡನೆಯದರಿಂದ ಅವರಿಗೆ ನಿಮ್ಮ ಮುಖ ನೆನಪಿರುತ್ತದೆ. ಮತ್ತೆ ಹೋದಾಗ ‘ಯಾವ ಕೆಲಸವಾದರೂ ಮಾಡುತ್ತೇನೆ’ ಎನ್ನಬೇಡಿ. ಕೇಳುವವರಿಗೆ ಅದು ಏನನ್ನೂ ತಿಳಿಸುವುದಿಲ್ಲ. ‘ಬೆಳಗಿನ ಏಳರಿಂದ ಮೂರರವರೆಗೆ ಇರಬಲ್ಲೆ, ಭಾನುವಾರವೂ ಬರಬಲ್ಲೆ, ಲೆಕ್ಕ ಬರುತ್ತದೆ, ತಮಿಳು ಸ್ವಲ್ಪ ಮಾತನಾಡುತ್ತೇನೆ’ ಎಂದು ಹೇಳುವ ಹುಡುಗನನ್ನು ನಾನು ಕಳಿಸಿಬಿಡಲಾರೆ. ಊಟಿಗೆ ಹೋಗಿ ಬರುವ ಪ್ರವಾಸಿಗಳು ತುಂಬುವ ಊರಿನಲ್ಲಿ ತಮಿಳು, ಮಲಯಾಳಂ, ಹಿಂದಿಯ ನಾಲ್ಕು ಮಾತುಗಳಿಗೆ ಇಂಗ್ಲಿಷಿಗಿರುವಷ್ಟೇ ಬೆಲೆಯಿದೆ.

ಒಂದು ಸಂಗತಿಯನ್ನು ಅಧ್ಯಾಪಕರ ಎದುರಿನಲ್ಲಿಯೇ ಹೇಳಬೇಕು. ‘ಡಿಗ್ರಿ ಓದಿ ಹೋಟೆಲಿನಲ್ಲಿ ತಟ್ಟೆ ಎತ್ತುತ್ತೀಯಾ?’ ಎಂಬ ಮಾತು ಮಕ್ಕಳ ಕಿವಿಗೆ ಬೀಳುತ್ತಿದೆ, ಮನೆಯಲ್ಲಿ ಮಾತ್ರವಲ್ಲ, ಇಲ್ಲಿಯೂ. ದಕ್ಷಿಣ ಕನ್ನಡ, ಉಡುಪಿಯ ಕಡೆಯಿಂದ ಚಿಕ್ಕ ವಯಸ್ಸಿನಲ್ಲಿಯೇ ಮುಂಬಯಿಗೆ ಹೋದ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಕನ್ನಡದ ರಾತ್ರಿ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮುಗಿಸಿದರು. ಅವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕಿಗೆ ಸೇರಿದವರಿದ್ದಾರೆ, ಸ್ವಂತ ಹೋಟೆಲು ಇಟ್ಟವರಿದ್ದಾರೆ. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಮೇಲೆ ಬಂದು ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಕಟ್ಟಿದರು. ಆದರೆ ಎಲ್ಲರೂ ಮಾಲೀಕರಾಗಲೇಬೇಕೆಂದು ನಾನು ಹೇಳುವುದಿಲ್ಲ. ಇಪ್ಪತ್ತು ವರ್ಷ ಸಪ್ಲೈಯರ್ ಆಗಿಯೇ ಇದ್ದು, ಮಗಳನ್ನು ನರ್ಸಿಂಗ್ ಓದಿಸಿದವರನ್ನು ನಾನು ಬಲ್ಲೆ, ಅವರ ಬದುಕಿನಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ.

ಸಿದ್ಧತೆಯ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ಬರೆದುಕೊಂಡಿದ್ದೆ. ಹತ್ತು ನಿಮಿಷ ಉಳಿದಿದೆ ಎಂಬ ಚೀಟಿ ಬಂದಿದೆ. ಮುಖ್ಯವಾದವನ್ನಷ್ಟೇ ಹೇಳುತ್ತೇನೆ. ಮಳಿಗೆಗೆ ಹೋಗುವವರು ಒಂದು ವಿಷಯ ತಿಳಿದುಕೊಂಡು ಹೋಗಿ: ಹೊಸದಾಗಿ ಬಂದ ಹಾಲಿನ ಪುಡಿಯ ಪೊಟ್ಟಣವನ್ನು ಹಿಂದಕ್ಕಿಟ್ಟು, ಮೊದಲು ಎಕ್ಸ್‌ಪೈರಿ ಆಗುವುದನ್ನು ಮುಂದಕ್ಕಿಡಬೇಕು. ಸಂದರ್ಶನದಲ್ಲಿ ಇದನ್ನು ಹೇಳಿದವರು ಹತ್ತರಲ್ಲಿ ಒಬ್ಬರೂ ನನಗೆ ಸಿಕ್ಕಿಲ್ಲ. ಅಡುಗೆ, ಬಡಿಸುವ ಕೆಲಸಕ್ಕೆ ಹೋಗುವವರ ಉಗುರು ಮತ್ತು ತಲೆಗೂದಲನ್ನು ಮೊದಲು ನೋಡುತ್ತಾರೆ. ಆಹಾರ ಮುಟ್ಟುವ ನೌಕರರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆಂಬ ನಿಯಮವಿರುವುದರಿಂದ, ‘ತಪಾಸಣೆಗೆ ಸಿದ್ಧನಿದ್ದೇನೆ’ ಎಂದು ನೀವಾಗಿಯೇ ಹೇಳಿದರೆ ಈ ಕೆಲಸ ಬಲ್ಲವರೆಂಬ ನಂಬಿಕೆ ಅವರಲ್ಲಿ ಮೂಡುತ್ತದೆ.

ನಿರಾಶರಾದವರನ್ನು ಹುಡುಕಿಕೊಂಡು ಬರುವ ಮೋಸಗಾರರಿದ್ದಾರೆ, ಎಚ್ಚರ. ಸಮವಸ್ತ್ರಕ್ಕೆ, ತರಬೇತಿಗೆ, ನೋಂದಣಿಗೆ ಎಂದು ಮುಂಗಡ ಹಣ ಕೇಳಿದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಕಪಟ್ಟಿಯ ಮೂಲ ಪ್ರತಿಯನ್ನು ಯಾರ ಕೈಗೂ ಇಡಬೇಡಿ, ನಕಲು ಸಾಕು.

ಕೆಲಸ ಸಿಕ್ಕಿತೆಂಬ ಸಂತೋಷದಲ್ಲಿ ಹಕ್ಕನ್ನು ಮರೆಯುವುದೂ ಬೇಡ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ಬರೆಹದ ನೇಮಕಾತಿ ಆದೇಶ ಮತ್ತು ವಾರದ ರಜೆಯನ್ನು ಕೇಳುವ ಹಕ್ಕು ಕೊಟ್ಟಿದೆ. ಹೆಚ್ಚಿನ ಹೊತ್ತು ದುಡಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ದಿನವಿಡೀ ನಿಂತೇ ಇರುವ ನಮ್ಮ ಹೆಣ್ಣುಮಕ್ಕಳ ಕಾಲುನೋವಿನ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕುಳಿತುಕೊಳ್ಳಲು ಆಸನ ಕೊಡಬೇಕೆಂದು ಕಾನೂನನ್ನೇ ತಿದ್ದಿದವು. ಇಂದು ಅದನ್ನು ವಿಸ್ತರಿಸಲು ಹೊತ್ತಿಲ್ಲ.

ಕೊನೆಯ ಒಂದು ವಿಷಯ. ಕಳೆದ ವಾರ ಇಲ್ಲಿಗೆ ಬಂದು ನಿಮ್ಮಲ್ಲಿ ಹಲವರಿಗೆ ‘ನೋಡಿ ಹೇಳುತ್ತೇವೆ’ ಎಂದವರಲ್ಲಿ ನಮ್ಮ ಮಳಿಗೆಯವರೂ ಇದ್ದರು. ನಾವು ಬಿಟ್ಟ 23 ಹೆಸರುಗಳ ಪಟ್ಟಿಯನ್ನು ತಂದಿದ್ದೇನೆ. ಪ್ರತಿ ಹೆಸರಿನ ಮುಂದೆ ಕಾರಣವನ್ನು ನಿನ್ನೆ ರಾತ್ರಿ ಕುಳಿತು ನಾನೇ ಬರೆದಿದ್ದೇನೆ. ಒಂಬತ್ತು ಹೆಸರುಗಳ ಮುಂದೆ ‘ಬಸ್ಸು’ ಎಂದಿದೆ; ಬೆಳಗಿನ ಪಾಳಿಯಲ್ಲಿ ಈಗ ಎರಡು ಜಾಗ ತೆರವಾಗಿವೆ. ಯಾರ ಕಾರಣವನ್ನೂ ಇಲ್ಲಿ ಓದುವುದಿಲ್ಲ. ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಟ್ಟಿದ್ದಾರೆ, ಒಬ್ಬೊಬ್ಬರಾಗಿ ಬಂದು ನಿಮ್ಮದನ್ನು ನೀವು ಕೇಳಿಕೊಳ್ಳಿ. ಊಟ ಮುಗಿಸಿ ಬನ್ನಿ, ಅವಸರ ಬೇಡ. ಮೂರೂವರೆಯಿಂದ ನಾನು ಅಲ್ಲಿರುತ್ತೇನೆ.