ಒಳಗಿನವನು ಏನಂತಾನೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಾಗೆದ್ದು ಧ್ಯಾನಕ್ಕೆ ಕೂತವರ ಫೋಟೊ ಮೊಬೈಲ್ ಸ್ಟೇಟಸ್‌ನಲ್ಲಿ ನೋಡಿರುತ್ತೀರಿ. ಕಣ್ಣು ಮುಚ್ಚಿದೆ, ಬೆನ್ನು ನೆಟ್ಟಗಿದೆ, ಮುಖದ ತುಂಬ ಶಾಂತಿ. ಎಲ್ಲ ಸರಿ, ಫೋಟೊ ತೆಗೆದವರು ಯಾರು? ನಗಬೇಡಿ, ನಾವೂ ಏನು ಕಮ್ಮಿ ಇಲ್ಲ. ಧ್ಯಾನ ಮುಗಿಯುವುದೇ ತಡ, ಯಾರ್ಯಾರು ನೋಡಿದರು ಅಂತ ಬೆರಳು ಮತ್ತೆ ಫೋನಿಗೆ ಹೋಗುತ್ತದೆ, ಮೆಚ್ಚಬೇಕಾದವರೇ ನೋಡಿಯೂ ಸುಮ್ಮನಿದ್ದರೆ ಮುಗೀತು, ಬೆಳಗಿನ ಶಾಂತಿಯೆಲ್ಲ ಅಲ್ಲಿಗೇ ಹೋಯಿತು.

ಬಸವಣ್ಣನವರಿಗೆ ಹೊಗಳುವವರ ಕೊರತೆ ಇರಲಿಲ್ಲ. ಬಿಜ್ಜಳನ ಭಂಡಾರಿ, ಮೇಲಾಗಿ ಶರಣರ ಅಚ್ಚುಮೆಚ್ಚಿನವರು. ಆದರೂ 12ನೇ ಶತಮಾನದ ಆ ದೊಡ್ಡ ಮನುಷ್ಯ, ನನ್ನವರೇ ಪ್ರೀತಿಯಿಂದ ಹೊಗಳಿ ಹೊಗಳಿ ನನ್ನನ್ನು ಹೊನ್ನಶೂಲಕ್ಕೆ ಹಾಕಿದರು ಎಂದು ನೊಂದುಕೊಂಡರು, ಈ ಹೊಗಳಿಕೆಗೆ ಅಡ್ಡ ಬಾ ಎಂದು ಕೂಡಲಸಂಗಮದೇವನನ್ನೇ ಬೇಡಿಕೊಂಡರು. ಬೈದವರ ಮೇಲೆ ದೇವರಿಗೆ ದೂರು ಹೇಳುವವರು ಬೇಕಾದಷ್ಟು ಜನ, ಹೊಗಳಿದವರ ಮೇಲೆ ದೂರು ಹೇಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಗೀತೆಯ 12ನೇ ಅಧ್ಯಾಯದಲ್ಲೂ ಕೃಷ್ಣ ತನಗೆ ಪ್ರಿಯನಾದ ಭಕ್ತನ ಗುಣ ಹೇಳುವಾಗ ನಿಂದೆ, ಸ್ತುತಿ ಎರಡನ್ನೂ ಸಮನಾಗಿ ಕಾಣುವವನು ಅನ್ನುತ್ತಾನೆ. ಇವತ್ತು ಹೊಗಳಿಕೆಗೆ ಹಿಗ್ಗಿದವನು ನಾಳೆ ಬೈಗುಳಕ್ಕೆ ಕುಗ್ಗಲೇಬೇಕಲ್ವಾ?

ಹಾಗಂತ ನಮಗೆ ನಾವೇ ಭೇಷ್ ಅಂದುಕೊಂಡು ಕೂರುವುದೂ ತಮಾಷೆಯೇ. ಹೊರಗಿನ ಹೊಗಳುಭಟ್ಟನನ್ನು ಕಳಿಸಿ ಮನೆಯೊಳಗೇ ಒಬ್ಬನನ್ನು ಸಾಕಿಕೊಂಡ ಹಾಗೆ. ಒಳಗಿರುವ ಸಾಕ್ಷಿಯನ್ನು ದೇವರು ಅನ್ನಿ, ಆತ್ಮ ಅನ್ನಿ, ಮನಸ್ಸಾಕ್ಷಿ ಅನ್ನಿ, ಅವನು ಎಷ್ಟೋ ಸಲ ತಲೆ ಅಲ್ಲಾಡಿಸಿ ಇದು ಸರಿಯಿಲ್ಲ ಅನ್ನುತ್ತಾನೆ. ಹಾಗೆ ಅನ್ನುವ ಧೈರ್ಯ ಇರುವುದರಿಂದಲೇ ಅವನ ಒಪ್ಪಿಗೆಗೆ ಬೆಲೆ. (ಬೇರೆಯವರನ್ನು ಮೆಚ್ಚುವಾಗ ಮಾತ್ರ ಜಿಪುಣತನ ಬೇಡ, ಅದು ಬೇರೆ ವಿಷಯ.)

ಒಂದು ಕೆಲಸ ಮಾಡಿ ನೋಡಿ. ಯಾರಿಗೋ ಹಣ ಕೊಟ್ಟು ಸಹಾಯ ಮಾಡಿದ್ದೀರಿ, ಯಾರೂ ನೋಡಿಲ್ಲ. ಸಂಜೆ ಮನೆಯವರ ಎದುರು ಕೂತಾಗ ಮಾತು ನಾಲಿಗೆ ತುದಿಗೆ ಬರುತ್ತದೆ. ಹೇಳಬೇಡಿ, ಒಂದು ರಾತ್ರಿ ಹಾಗೇ ಇಟ್ಟುಕೊಳ್ಳಿ. ಮೊದಲು ಚಡಪಡಿಕೆ ಜಾಸ್ತಿ. ಆಮೇಲೆ, ನಿದ್ದೆ ಬರುವ ಮುಂಚೆ, ಹಣ ಕೊಡುವಾಗ ನೀವು ಮುಖ ಸ್ವಲ್ಪ ಗಂಟಿಕ್ಕಿಕೊಂಡಿದ್ದು, ಇಸಕೊಂಡವರು ತಲೆ ತಗ್ಗಿಸಿದ್ದು ನೆನಪಾಗುತ್ತದೆ. ಮನೆಯವರಿಗೆ ಹೇಳಿದ್ದರೆ ಅಷ್ಟನ್ನು ಬಿಟ್ಟೇ ಹೇಳುತ್ತಿದ್ದಿರಿ. ಈಗ ಮಾತ್ರ, ಮುಂದಿನ ಸಲ ಅವರು ಸಿಕ್ಕಾಗ ಮೊದಲು ನಾನೇ ಮಾತಾಡಿಸಬೇಕು ಅನ್ನಿಸುತ್ತದೆ.

ನಮಸ್ಕಾರ.